ಕೂಸಿನ ಮೊದಲ ಅಂಗಿ

ಹೆರಿಗೆ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ತುಂಬು ಗರ್ಭಿಣಿಯೊಬ್ಬಳು ಕೂತಿದ್ದಳು. ಅವಳ ಅತ್ತೆ ಬಟ್ಟೆ ಹೊಲಿಯುವವರಿರಬೇಕು, ಪುಟ್ಟ ಅಂಗಿಗೆ ಚಕಚಕನೆ ಕಸೂತಿ ಹಾಕುತ್ತಿದ್ದರು.

"ಎಚ್‌ಐವಿ ಒಂದು ಸಾಲದು ಅಂತ ಹೆಪಟೈಟಿಸ್ ಬಿ ಬೇರೆ, ಅತ್ತೆ."

"ಇರಲಿ ಬಿಡೇ. ನಿನ್ನ ಮಾತ್ರೆ ಎರಡರ ಕಿವಿನೂ ಹಿಂಡುತ್ತೆ ಅಂದ್ರಲ್ಲ ಡಾಕ್ಟ್ರು."

"ಈ ಹೆಪಟೈಟಿಸ್ ಕೂಸಿಗೆ ತಗುಲಿದರೆ?"

"ಹುಟ್ಟಿದ ದಿನವೇ ಲಸಿಕೆ ಹಾಕಿದ್ರೆ ಭಯ ಕಡಿಮೆಯಂತೆ."

"ಗಡಿಬಿಡೀಲಿ ನರ್ಸುಗಳು ಮರೆತರೆ?"

"ಮರೆಯೋಕೆ ನಾನು ಬಿಡ್ತೀನಾ? ಓದು ಇದನ್ನ."

ಅಂಗಿಯ ಎದೆಯ ಮೇಲಿದ್ದ ಕೆಂಪು ಅಕ್ಷರಗಳನ್ನು ಸೊಸೆ ಗಟ್ಟಿಯಾಗಿ ಓದಿದಳು. "ಮೊದಲು ಸೂಜಿ, ಆಮೇಲೆ ಮುದ್ದು."

"ಅಯ್ಯೋ! ನಿಮ್ಮ ಮಗ ಎತ್ಕೊಳ್ಳೋಕೆ ಓಡಿ ಬಂದ್ರೆ?"

"ಅವನಿಗೂ ಅದೇ ರೂಲ್ಸು. ನನಗೂ ಅದೇ, ಏನ್ಮಾಡ್ಲಿ."

ನರ್ಸ್ ಕರೆದಳು. ಸೊಸೆ ನಗುತ್ತಲೇ ಹೊಟ್ಟೆ ಹಿಡಿದು ಎದ್ದಳು. ಅತ್ತೆ ಅಂಗಿಯನ್ನು ನರ್ಸಿಗೆ ಕಾಣುವಂತೆ ಎತ್ತಿ ಹಿಡಿದು ಹಿಂದೆಯೇ ನಡೆದರು.