ಸಹಾಯವಾಣಿಯ ದನಿಗೆ ಸನ್ಮಾನ

ಅಧ್ಯಕ್ಷರೇ, ವೇದಿಕೆ ತುಂಬಿರುವ ಗಣ್ಯರೇ, ಈ ಆಸ್ಪತ್ರೆಯ ನನ್ನ ಹಳೆಯ ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಫೋನು ತೆಗೆದಿರುವ ಸಭಿಕರೇ,

ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಂದರೇನು, ಅದರಿಂದ ಜನರಿಗೇನು ಉಪಕಾರ ಎಂದು ನಾಲ್ಕು ಮಾತು ಆಡಿ ಎಂದಿದ್ದೀರಿ. ಉಪಕಾರವೇ ಇಲ್ಲ ಎನ್ನಲು ನಾನೇನು ಮೂರ್ಖಳೇ? ಇಲ್ಲಿ ತೆಗೆದ ಎಕ್ಸ್‌ರೇಯನ್ನು ದೂರದೂರಿನ ತಜ್ಞರು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡುತ್ತಾರೆ. ಮೊಮ್ಮಗಳ ಮೊದಲ ಹೆಜ್ಜೆಯನ್ನು ನಾನು ನೋಡಿದ್ದೇ ಫೋನಿನಲ್ಲಿ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು, ತಂತ್ರಜ್ಞಾನವೆಂದರೆ ಇಷ್ಟೇ. ಮುಟ್ಟಿತೇ? ಅದನ್ನು ಕೇಳಲೆಂದೇ ಬಂದಿದ್ದೇನೆ.

ಇಲ್ಲಿನ ಫೋನಿನ ಮುಂದೆ ಕೂತು ಕೂತು ನನ್ನ ಕೂದಲು ನರೆಯಿತು. ಆಂಬುಲೆನ್ಸ್ ಬೇಕೆಂದವರಿಗೆ "ಹೆದರಬೇಡಿ, ಎಲ್ಲಿದ್ದೀರಿ?" ಎನ್ನುತ್ತಿದ್ದೆ. ಆಮೇಲೆ ಕರೆ ಎತ್ತುವ ಯಂತ್ರ ಬಂತು. ದನಿ ಚೆನ್ನಾಗಿದೆಯೆಂದು ನನ್ನನ್ನೇ ಗಾಜಿನ ಕೋಣೆಯಲ್ಲಿ ಕೂರಿಸಿದಿರಿ. "ನಗ್ತಾ ಹೇಳಿ ಮೇಡಂ, ನಗು ಕೇಳಿಸುತ್ತೆ," ಎಂದರು ಧ್ವನಿಮುದ್ರಣದವರು. ನಗುತ್ತಲೇ ಹೇಳಿದೆ: "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ." ದನಿಯನ್ನು ಇಟ್ಟುಕೊಂಡು ನನ್ನನ್ನು ಮನೆಗೆ ಕಳಿಸಿದಿರಿ, ಕಬ್ಬು ಹಿಂಡಿ ಸಿಪ್ಪೆ ಎಸೆದ ಹಾಗೆ. ನಮ್ಮ ಯಜಮಾನರು ಮಾತ್ರ ಗೆಳೆಯರಿಗೆಲ್ಲ ಆ ನಂಬರು ಒತ್ತಿ ಕೇಳಿಸಿ ಬೀಗುತ್ತಿದ್ದರು. "ಕೇಳ್ರೋ, ಮನೇಲಿ ಬೈಯೋ ದನಿ ಇದೇ ಅಂದ್ರೆ ನಂಬ್ತೀರಾ?"

ಹೋದ ವರ್ಷ ಅದೇ ಮನುಷ್ಯ ಬಚ್ಚಲ ಬಾಗಿಲಲ್ಲಿ ಎದೆ ಹಿಡಿದು ಕುಸಿದರು. ನಾನು ಇನ್ನೆಲ್ಲಿಗೆ ಫೋನು ಮಾಡಲಿ? ಇಲ್ಲಿಗೇ ಮಾಡಿದೆ. ಎತ್ತಿದವಳು ನಾನೇ! ಒಂದು ಒತ್ತಿ, ಎರಡು ಒತ್ತಿ, ಕಾಯಿರಿ. "ಯಾರಾದ್ರೂ ಮಾತಾಡ್ರೀ!" ಎಂದು ಕಿರುಚಿದೆ. ಫೋನಿನೊಳಗೆ ನಾನು ನಗುತ್ತಲೇ ಇದ್ದೆ. ಕಟ್ ಮಾಡಿದರೆ ಸರದಿಯ ಕೊನೆಗೆ ಹೋಗುತ್ತೇನೆಂದು ಹೆದರಿ ಕಟ್ ಮಾಡಲಿಲ್ಲ. ಅವರು ಕಣ್ಣು ಬಿಟ್ಟು, "ನೀನೇ ಹೇಳ್ತಿದೀಯಲ್ಲೇ, ಕಾಯೋಣ ಬಿಡು," ಎಂದರು. ಅದೇ ಕೊನೆಯ ಮಾತು. ಆಂಬುಲೆನ್ಸ್ ಆಗ ಇದೇ ಅಂಗಳದಲ್ಲಿ ಖಾಲಿ ನಿಂತಿತ್ತು.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದರ ಹಿಂದೆ ಒಬ್ಬ ಮನುಷ್ಯನನ್ನೂ ಕೂರಿಸದೆ ಸಹಾಯವಾಣಿ ಎಂದು ಹೆಸರಿಟ್ಟವರ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ನನ್ನ ದನಿ ತೆಗೆಯಿರಿ, ಆ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ಎಂದು ಅಂಗಲಾಚಿದೆ. ನೀವು ಫಲಕ ಕೊಡಲು ಕರೆದಿರಿ! ಗಾಯದ ಮೇಲೆ ಬರೆ ಎಳೆಯುವುದಕ್ಕೂ ಸನ್ಮಾನವೆಂದು ಹೆಸರೇ?

ಮಾತು ಶುರು ಮಾಡುವ ಮುನ್ನ ಆ ನಂಬರು ಒತ್ತಿ ಫೋನನ್ನು ಈ ಮೇಜಿನ ಮೇಲಿಟ್ಟಿದ್ದೆ. ಇನ್ನೂ ಯಾರೂ ಮಾತಾಡಿಲ್ಲ. ಇಗೋ, ಮೈಕಿಗೆ ಹಿಡಿದಿದ್ದೇನೆ, ಕೇಳಿ. ಗಡಿಯಾರ ನೋಡಬೇಡಿ, ಅಧ್ಯಕ್ಷರೇ. ಒಬ್ಬ ಮನುಷ್ಯ ಮಾತಾಡುವ ತನಕ ನಾನು ಇಲ್ಲಿಂದ ಕದಲುವುದಿಲ್ಲ. ನನ್ನ ನಗದ ದನಿಯನ್ನು ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಇನ್ನು ಎಲ್ಲರೂ ದಯವಿಟ್ಟು ಕಾಯಿರಿ. ನಮಸ್ಕಾರ.