ಕರೆಯದೆ ಬಿಟ್ಟ ಅತ್ತೆ

ಲೈಟು ಇರಲಿ, ಆರಿಸಬೇಡಿ. ಇದು ನಮ್ಮ ದೊಡ್ಡಮ್ಮನ ಮಗಳು ತನುಜಂಗೆ ಆಗಿದ್ದು. ಶಿಡ್ಲಘಟ್ಟದಲ್ಲಿ, ಹೋದ ವರ್ಷ.

ಕತ್ತಲಾದ ಮೇಲೆ ಕೋಟೆ ಬೀದಿಯ ಹಳೇ ಬಾವಿ ದಾಟಿ ಒಬ್ಬಳೇ ಹೋಗ್ತಿದ್ದಳು. ರೇಷ್ಮೆ ನೂಲು ತೆಗೆಯೋ ರೀಲಿಂಗ್ ಮನೆಗಳ ಸದ್ದು ಅಡಗಿತ್ತು, ಬೇಯಿಸಿದ ರೇಷ್ಮೆಗೂಡಿನ ವಾಸನೆ ಮಾತ್ರ ಇತ್ತು. ಹೊರಟಿದ್ದು ತಾವೇ ಮಾರಿ, ಖಾಲಿ ಮಾಡಿ, ಹೊಸ ಲೇಔಟಿಗೆ ಹೋಗಿದ್ದ ಹಳೇ ಮನೆಗೆ. ಬೆಳಗಾದರೆ ಅದನ್ನ ಕೆಡವೋಕೆ ಜೆಸಿಬಿ ಬರೋದಿತ್ತು.

ಯಾಕೆ ಹೋದಳು ಅಂದ್ರೆ... ಅವರಲ್ಲಿ ಒಂದು ಪದ್ಧತಿ. ಮನೆ ಬಿಡುವಾಗ ಸೊಸೆಯಾದವಳು ಹೊಸಿಲಿಗೆ ನೀರು ಚಿಮುಕಿಸಿ, ಅಲ್ಲಿ ತೀರಿಕೊಂಡ ಹಿರಿಯರನ್ನ ಒಬ್ಬೊಬ್ಬರಾಗಿ ಕರೀಬೇಕು. "ಬನ್ನಿ, ಹೋಗಣ" ಅಂತ. ಕರೆಯದವರು ಅಲ್ಲೇ ಉಳೀತಾರೆ. ತನುಜ ಎಲ್ಲರನ್ನೂ ಕರೆದಳು. ಅತ್ತೆ ಆದಿಲಕ್ಷ್ಮಮ್ಮನ್ನ ಮಾತ್ರ ಕರೀಲಿಲ್ಲ. ಬಾಯಿ ಬರಲಿಲ್ಲ.

ಅತ್ತೆ ಹಾಸಿಗೆ ಹಿಡಿದಿದ್ದಾಗ ನೀರು ಬೇಕಾದರೆ ಹಿತ್ತಾಳೆ ಲೋಟದಲ್ಲಿ ಗೋಡೆಗೆ ಬಡೀತಿದ್ದರು. ಟಕ್... ಟಕ್. ಮಂಚದ ಪಕ್ಕದ ಗಾರೆ ಅರ್ಧಚಂದ್ರದಂತೆ ತಗ್ಗು ಬಿದ್ದಿತ್ತು. ಕೊನೇ ರಾತ್ರೀನೂ ಬಡಿದರು. ತನುಜಂಗೆ ಕೇಳಿಸಿತು. ಬೇಸತ್ತಿದ್ದಳು ಪಾಪ, ಮಗ್ಗುಲು ಬದಲಿಸಿ ಮಲಗಿಬಿಟ್ಟಳು. ಬೆಳಗ್ಗೆ ನೋಡಿದರೆ ಮೈ ತಣ್ಣಗಿತ್ತು. ಹೂಳುವಾಗ ಆ ಲೋಟವನ್ನೂ ಅವರ ಜೊತೆ ಗುಂಡಿಗೇ ಹಾಕಿ ಮಣ್ಣು ಮುಚ್ಚಿದರು.

ಹೊಸ ಮನೇಲಿ ಹಾಲು ಉಕ್ಕಿಸುವಾಗ ಗಂಡ ಮೋಹನ್‌ಬಾಬು ಸುಮ್ಮನೆ ಕೇಳಿದ, "ಎಲ್ರನ್ನೂ ಕರೆದೆ ತಾನೆ?"

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ಅವಳಿಗೆ. "ಹೂಂ" ಅಂದಳು. ಆಮೇಲೆ ನಿದ್ದೆ ಹತ್ತಲಿಲ್ಲ. ಆ ಗೋಡೆ ಬಿದ್ದರೆ ಅತ್ತೆ ಎಲ್ಲಿಗೆ ಹೋಗಬೇಕು?

ಅದಕ್ಕೇ ಆ ರಾತ್ರಿ ಹೋಗಿ ಹಳೇ ಮನೆ ಬಾಗಿಲು ತೆಗೆದಳು. ಕಿರ್ರ್... ಖಾಲಿ ಮನೆ. ಅತ್ತೆ ಮಲಗ್ತಿದ್ದ ಒಳಕೋಣೆಯಿಂದ... ಟಕ್... ಟಕ್.

ಹೊಸಿಲು ದಾಟಲಿಲ್ಲ. ಅಲ್ಲೇ ಕೂತು ಪಿಸುಗುಟ್ಟಿದಳು. "ಅತ್ತೆ... ಅವತ್ತು ನಾನು ಎಚ್ರವಾಗೇ ಇದ್ದೆ. ಬೇಕಂತ್ಲೇ ಏಳ್ಲಿಲ್ಲ. ತಪ್ಪಾಯ್ತು. ಬನ್ನಿ... ಹೋಗಣ."

ಸದ್ದು ನಿಂತಿತು.

ತಿರುಗಿ ನೋಡದೆ ನಡೆದಳು. ಬಾವಿ ಹತ್ತಿರ ಬರುವಾಗ ಬೆನ್ನ ಹಿಂದೆ ಕಾಲೆಳೆಯುವ ಸದ್ದು. ಸರ್... ಸರ್... ಆಮೇಲೆ ಮೆತ್ತಗೆ, "ನಿಧಾನಕ್ಕೆ ನಡಿಯಮ್ಮ."

ಈಗ ಅವಳು ದಿನಾ ನಡುರಾತ್ರಿ ಎದ್ದು ಹೊಸ ಮನೆ ಒಳಕೋಣೇಲಿ ಒಂದು ಲೋಟ ನೀರಿಡ್ತಾಳೆ. ಬೆಳಗ್ಗೆ ನೀರು ಹಾಗೇ ಇರುತ್ತೆ, ಒಂದು ತೊಟ್ಟೂ ಕಮ್ಮಿಯಾಗಿರಲ್ಲ. ಆ ಕೋಣೇಲಿ ಯಾರೂ ಮಲಗಲ್ಲ, ಮಂಚಾನೂ ಇಲ್ಲ. ಆದರೂ ಹೊಸ ಪೇಂಟಿನ ಗೋಡೇಲಿ, ಮಂಚದ ಎತ್ತರಕ್ಕೆ ಸರಿಯಾಗಿ, ಅರ್ಧಚಂದ್ರದ ತಗ್ಗು ಬಿದ್ದಿದೆ.

ಸುಳ್ಳು ಅನ್ನಬೇಡಿ. ನಾನೇ ಬೆರಳಿಟ್ಟು ನೋಡಿದ್ದೀನಿ.