ಏಳು ಗಂಟೆಗೆ ಮುಚ್ಚುವ ಬಾಗಿಲು

ಮಾನ್ಯ ಅಧ್ಯಕ್ಷರಾದ ದೋನ್ ಎವಾರಿಸ್ತೊ ಅವರೇ, ರಾಜಧಾನಿಯಿಂದ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಬಂದ ಅತಿಥಿಗಳೇ, ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿಟ್ಟು 'ಮಾತೆ' ಎಲೆಯ ಕಷಾಯ ಹೀರುತ್ತ, ಇವಳು ಬೇಗ ಮುಗಿಸಿದರೆ ಸಾಕು ಎಂದುಕೊಳ್ಳುತ್ತಿರುವ ಸಾಲ್ಟೊ ಊರಿನ ಸಭಿಕರೇ,

ಈ ತಿಂಗಳು ನೋಡಬೇಕಾದ ಕಿರುಚಿತ್ರಗಳ ಬಗ್ಗೆ ನಾನು ಮಾತನಾಡಬೇಕಂತೆ. ನಮ್ಮ ಚಿತ್ರಸಂಘದ ಬಾಗಿಲಿಗೆ ಇಪ್ಪತ್ತೆರಡು ವರ್ಷಗಳಿಂದ ಅವುಗಳ ಕಥೆಯನ್ನು ಹಾಳೆಯಲ್ಲಿ ಬರೆದು ಅಂಟಿಸುತ್ತಿರುವವಳು ನಾನು. ಬಾಯಲ್ಲಿ ಹೇಳುತ್ತಿರುವುದು ಇದೇ ಮೊದಲು.

ಮೊದಲ ಗುರುವಾರ 'ಹಿತ್ತಿಲ ಕುರ್ಚಿ', ಒಂಬತ್ತು ನಿಮಿಷ. ಖಾಲಿ ಕುರ್ಚಿಯೊಂದು ಮನೆಯಿಂದ ಮನೆಗೆ ಹೋಗುತ್ತದೆ, ಯಾರೂ ಕೂರುವುದಿಲ್ಲ. ಎರಡನೆಯ ಗುರುವಾರ 'ಮಂಜಿನ ಗಂಟೆ'. ನದಿಯ ಮೇಲೆ ಗಂಟೆಯ ಸದ್ದು ಕೇಳುತ್ತದೆ, ಏನೂ ಕಾಣುವುದಿಲ್ಲ. ಅದನ್ನು ಎಚ್ಚರದಲ್ಲಿ ನೋಡಿದೆನೋ ಕನಸಿನಲ್ಲೋ, ನನಗೇ ಅನುಮಾನ. ಮೂರನೆಯದನ್ನು ಹೇಳುವ ಮೊದಲು ಸ್ವಲ್ಪ ನೀರು ಕುಡಿಯುತ್ತೇನೆ.

ಏಳಕ್ಕೆ ಸರಿಯಾಗಿ ಕಿರುಚಿತ್ರ, ಆಗ ಬಾಗಿಲು ಬಂದ್. ತಡವಾಗಿ ಬಂದವರು ದೊಡ್ಡ ಚಿತ್ರದವರೆಗೆ ಹೊರಗೆ ನಿಲ್ಲಬೇಕು. ನಿಯಮ ನನ್ನದೇ. ಪ್ರತಿ ಗುರುವಾರವೂ ಹೊರಗೆ ನಿಂತವರು ಯಾರು? ದೋಣಿ ನಡೆಸುವ ಬಾಲ್ತಸಾರ್, ಒಂಟಿ ಮನುಷ್ಯ. ಆಚೆ ದಡದ ಕೊಂಕೋರ್ದಿಯದಿಂದ ಕೊನೆಯ ದೋಣಿ ಬರುವುದೇ ಏಳಕ್ಕೆ. ಬಾಗಿಲು ತೆರೆದಾಗ ಡೀಸೆಲ್ ವಾಸನೆಯೊಂದಿಗೆ ಒಳಬಂದು ಹೇಳುತ್ತಿದ್ದರು: "ಟೀಚರಮ್ಮಾ, ನಿಮ್ಮ ಹಾಳೇಲೇ ಸಿನಿಮಾ ನೋಡ್ಬಿಟ್ಟೆ. ಒಳಗೆ ಕೂತೋರಿಗಿಂತ ನಂಗೇ ಚೆನ್ನಾಗಿ ಕಾಣ್ತು."

ಅಧ್ಯಕ್ಷರ ಶ್ರೀಮತಿಯವರು ಒಮ್ಮೆ ಕೇಳಿದ್ದರು: "ಏನ್ರೀ ಓಫೆಲಿಯಾ, ಆ ಮನುಷ್ಯನಿಗೋಸ್ಕರ ಐದು ನಿಮಿಷ ತಡ ಮಾಡಿದ್ರೆ ಆಕಾಶ ಕಳಚಿ ಬೀಳುತ್ತಾ?" ನಿಯಮ ಅಂದರೆ ನಿಯಮ ಎಂದೆ. ಸುಳ್ಳು. ಅವರೂ ಒಳಗೆ ಕೂತರೆ ನನ್ನ ಹಾಳೆಯನ್ನು ಯಾರು ಓದಬೇಕು?

ಹನ್ನೊಂದು ವರ್ಷದ ಹಿಂದೆ, ಒಂದು ಚಳಿಗಾಲ, ರಾಜಧಾನಿಯಿಂದ ರೀಲಿನ ಡಬ್ಬಿ ಬರಲಿಲ್ಲ. ನೀವೆಲ್ಲ ನಾಲ್ಕು ನಿಮಿಷ ಬಿಳಿ ಪರದೆ ನೋಡುತ್ತ ನನ್ನನ್ನು ಬೈದಿರಿ, ನೆನಪಿದೆಯೇ? ಬಾಗಿಲು ಮಾತ್ರ ನಾನು ತೆಗೆಯಲಿಲ್ಲ. ಹೊರಗಿನ ಹಾಳೆಯಲ್ಲಿ ಬರೆದಿದ್ದೆ: 'ಆಚೆ ದಡ'. ಒಬ್ಬ ಹೆಂಗಸು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಾಳೆ. ನದಿಯಲ್ಲೊಂದು ದೋಣಿ. ಬಟ್ಟೆ ಒಣಗಿದರೂ ದೋಣಿ ದಡ ಸೇರುವುದಿಲ್ಲ. ಅವಳು ಬಟ್ಟೆಗಳನ್ನು ಮತ್ತೆ ನೆನೆಸಿ, ಮತ್ತೆ ಹರವುತ್ತಾಳೆ.

"ಕೊನೆಗೆ ದೋಣಿ ಬಂತಾ, ಟೀಚರಮ್ಮಾ?" ಎಂದು ಬಾಲ್ತಸಾರ್ ಕೇಳಿದರು. ಅಂದಿನಿಂದ ಕೇಳುತ್ತಲೇ ಇದ್ದಾರೆ.

ಕಳೆದ ವಾರ ಅವರಿಗೆ ನಿವೃತ್ತಿಯಾಯಿತು. ಟೋಪಿ ಕೈಯಲ್ಲಿ ಹಿಡಿದು ಮನೆಗೆ ಬಂದರು. "ಇನ್ಮೇಲೆ ಏಳಕ್ಕೆ ಮುಂಚೇನೇ ಬರ್ತೀನಿ. ಆ ಬಟ್ಟೆ ಒಣಹಾಕೋ ಹೆಂಗಸಿನ ಸಿನಿಮಾ ಇನ್ನೊಂದ್ಸಲ ತರಿಸಿ." ಆಗಲಿ ಎಂದುಬಿಟ್ಟೆ.

ನಾಲ್ಕನೆಯ ಸಾಲಿನಲ್ಲಿರುವ ಬಾಲ್ತಸಾರ್ ಅವರೇ, ದಯವಿಟ್ಟು ಎದ್ದು ಹೋಗಬೇಡಿ. ಅಂಥ ಚಿತ್ರವನ್ನು ಯಾರೂ ತೆಗೆದಿಲ್ಲ. ಮಾಳಿಗೆ ನನ್ನದು, ಬಟ್ಟೆಗಳು ನನ್ನವು. ಅಲ್ಲಿಂದ ನಿಮ್ಮ ದೋಣಿ ಕಾಣುತ್ತದೆ. ಒಣಗಿದ ಬಟ್ಟೆಯನ್ನು ನಾನು ನಿಜವಾಗಿಯೂ ಮತ್ತೆ ನೆನೆಸಿದ್ದೇನೆ. ನಗಬೇಡಿ, ದೋನ್ ಎವಾರಿಸ್ತೊ.

ಆದ್ದರಿಂದ ಸಭಿಕರೇ, ಮೂರನೆಯ ಗುರುವಾರ 'ಆಚೆ ದಡ', ನಾಲ್ಕು ನಿಮಿಷ, ಬರೀ ಬಿಳಿ ಪರದೆ. ಅಂದು ಬಾಗಿಲನ್ನು ಬೇರೆ ಯಾರಾದರೂ ಕಾಯಲಿ. ನಾನು ನಾಲ್ಕನೆಯ ಸಾಲಿನಲ್ಲಿ ಕೂರುತ್ತೇನೆ, ಪಕ್ಕದ ಕುರ್ಚಿಯ ಮೇಲೆ ನನ್ನ ಶಾಲು ಇರುತ್ತದೆ. ಅದನ್ನು ಸರಿಸಿ ಕೂತವರೇ ದೋಣಿ ಬಂತೋ ಇಲ್ಲವೋ ಹೇಳಬೇಕು.

ಇಷ್ಟು ಹೊತ್ತು ಯಾರೂ ಎದ್ದು ಹೋಗಲಿಲ್ಲ. ಅದಕ್ಕೆ ನಿಮಗೆಲ್ಲ, ಅದರಲ್ಲೂ ಒಬ್ಬರಿಗೆ, ನನ್ನ ಕೃತಜ್ಞತೆಗಳು. ನಮಸ್ಕಾರ.